ಶಾರ್ಜಾಕ್ಕೆ ಹೊರಟ ಮುಯ್ಯಿ

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವನು ನಾನು. ರಜಾ ಅರ್ಜಿ, ಶುಲ್ಕ ವಿನಾಯಿತಿಯ ಅರ್ಜಿ, ನಮ್ಮೂರಿಗೆ ಬಸ್ಸು ಬಿಡಬೇಕೆಂಬ ಅರ್ಜಿ, ಬಿಟ್ಟ ಬಸ್ಸು ನಿಲ್ಲಿಸುತ್ತಿಲ್ಲವೆಂಬ ಅರ್ಜಿ, ಹೀಗೆ ಅರ್ಜಿಗಳ ಒಂದು ಸಾಮ್ರಾಜ್ಯವನ್ನೇ ಕಟ್ಟಿದವನು. ಅಂಥವನು ಒಂದಿಷ್ಟು ಹಣವನ್ನು ಸಮುದ್ರದಾಚೆಗೆ ಕಳಿಸಲಾರೆನೇ?

"ಯಾರನ್ನೂ ಕೇಳದೆ, ಯಾರ ಹಂಗೂ ಇಲ್ಲದೆ, ನಾನೇ ಕಳಿಸುತ್ತೇನೆ!" ಎಂದು ಒಂದು ಸೋಮವಾರ ಬೆಳಗ್ಗೆ ಕಾಫಿ ಲೋಟವನ್ನು ಮೇಜಿಗೆ ಕುಕ್ಕಿ ಘೋಷಿಸಿದೆ.

ನನ್ನ ಹೆಂಡತಿ ಲೋಲಾಕ್ಷಿ ನೀರುದೋಸೆಯ ಕಾವಲಿಯಿಂದ ಕಣ್ಣು ತೆಗೆಯಲಿಲ್ಲ.

"ಲೋಟ ಒಡೆದ್ರೆ ಅದನ್ನೂ ನೀವೇ ತರ್ಬೇಕು, ಆಯ್ತಾ? ಎಂತಕ್ಕೆ ಮಾರಾಯ್ರೆ ಇಷ್ಟು ಗದ್ದಲ? ಪಾತುಮ್ಮನ ತಂಗಿ ಮಗ ನಾಳೆ ಶಾರ್ಜಾಕ್ಕೆ ಹೋಗುದಂತೆ. ಒಂದು ಕವರಿಗೆ ಹಾಕಿ ಅವನ ಕೈಯಲ್ಲಿ ಕೊಟ್ರೆ ಮುಗೀತು."

"ಮುಯ್ಯಿಯನ್ನು ಪರರ ಕೈಯಲ್ಲಿ ಕಳಿಸುವುದೇ? ಲೋಲಾಕ್ಷಿ, ಮುಯ್ಯಿ ಎಂಬುದು ನಾಮಪದವಾದರೂ ಅದಕ್ಕೊಬ್ಬ ಕರ್ತೃ ಬೇಕು. ಆ ಕರ್ತೃ ನಾನು!"

"ಕರ್ತೃ ಬೇಗ ದೋಸೆ ತಿನ್ಲಿ. ತಣ್ಣಗಾಗ್ತದೆ."

ಪಾತುಮ್ಮ ಯಾರೆಂದು ಹೇಳಬೇಕು. ಕುಂಬ್ರದಿಂದ ಎರಡು ಮೈಲಿ ಒಳಗಿದ್ದ ನಮ್ಮ ಶಾಲೆಯಲ್ಲಿ ಅವರು ಬಿಸಿಯೂಟದ ಅಡುಗೆಯವರು. ಅಡುಗೆ ಕೋಣೆಗೂ ನನ್ನ ಏಳನೆಯ ತರಗತಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದೂ ಹೆಂಚಿನ ಮಾಡಿನವರೆಗೆ ತಲುಪದ ಗೋಡೆ. ಆಚೆಯಿಂದ ಒಗ್ಗರಣೆಯ ಪರಿಮಳ ಈಚೆಗೆ ಬರುತ್ತಿತ್ತು. ಈಚೆಯಿಂದ ನನ್ನ ವ್ಯಾಕರಣ ಆಚೆಗೆ ಹೋಗುತ್ತಿತ್ತು. "ಒಂದು ತಪ್ಪಿಗೆ ಒಂದು ಮಾರ್ಕು ಕಟ್!" ಎಂದು ನಾನು ಮೇಜು ಗುದ್ದಿದರೆ ಆಚೆ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಮಕ್ಕಳಿಗೆ ಯಾವುದು ಹೆಚ್ಚು ಹಿಡಿಸಿತ್ತೆಂದು ನಾನು ಕೇಳಲು ಹೋಗಲಿಲ್ಲ. ಉತ್ತರ ನನಗೆ ಗೊತ್ತಿತ್ತು.

ನನ್ನ ಮಗಳು ಪೂಜಿತಾಳ ಮದುವೆ ಪುತ್ತೂರಿನ ಸಭಾಭವನದಲ್ಲಿ ನಡೆದಾಗ ಪಾತುಮ್ಮ ಎರಡು ಬಸ್ಸು ಬದಲಿಸಿ ಬಂದರು. ಮಗಳ ಕೈಗೆ ಒಂದು ಕವರು ಕೊಟ್ಟರು. ಒಳಗೆ ಐನೂರರ ಒಂದು ನೋಟು. ಹೊರಗೆ, ಅಂಟಿಸಿದ ಒಂದು ರೂಪಾಯಿಯ ನಾಣ್ಯ. ಅವರ ತಿಂಗಳ ಗೌರವಧನ ಎಷ್ಟೆಂದು ನನಗೆ ಗೊತ್ತಿತ್ತು. ನಾನು "ಇಷ್ಟೆಲ್ಲ ಯಾಕೆ ಪಾತುಮ್ಮ?" ಎಂದೆ.

"ನೋಟು ಖರ್ಚಾಗ್ತದೆ ಮಾಷ್ಟ್ರೆ. ಆ ಒಂದು ಇರ್ತದೆ. ಒಂದು ಇದ್ರೆ ಹೋಗುದು ಬರುದು ಇರ್ತದೆ" ಎಂದಿದ್ದರು.

ಮುಂದೆ ಅವರ ಮೊಣಕಾಲು ಸೋತಿತು. ಮಗಳು ಶಾರ್ಜಾಕ್ಕೆ ಕರೆದುಕೊಂಡು ಹೋದಳು. ಈಗ ಅಲ್ಲಿ ಮೊಮ್ಮಗಳ ನಿಖಾ. ಬರುವ ಶುಕ್ರವಾರ! ಹನ್ನೆರಡು ವರ್ಷಗಳ ಹಿಂದಿನ ಆ ಐನೂರ ಒಂದಕ್ಕೆ ಪ್ರತಿಯಾಗಿ ನಾನು ಕಳಿಸಬೇಕಾದದ್ದು ಇನ್ನೂರ ಒಂದು ದಿರ್ಹಮ್. ನಮ್ಮ ಲೆಕ್ಕದಲ್ಲಿ ಐದು ಸಾವಿರದ ಹತ್ತಿರ. ಕೊನೆಯ ಒಂದು ತಪ್ಪಕೂಡದು. ಶುಕ್ರವಾರ ದಾಟಕೂಡದು. ಇವೆರಡೇ ನನ್ನ ಪ್ರತಿಜ್ಞೆ.

ಮೊದಲು ಅಂಚೆ ಕಚೇರಿಗೆ ಹೋದೆ. ಮನಿಯಾರ್ಡರಿನ ಮೇಲೆ ನನಗೆ ಹಳೆಯ ಮೋಹ. ಅದರ ತುದಿಯಲ್ಲಿ ಎರಡು ಸಾಲು ಸುದ್ದಿ ಬರೆಯಲು ಜಾಗವಿರುತ್ತಿತ್ತಲ್ಲ, ಆ ಅಂಗೈ ಅಗಲದ ಜಾಗದಲ್ಲಿ ನನ್ನ ತಂದೆ ಇಡೀ ತಿಂಗಳ ಬುದ್ಧಿವಾದವನ್ನು ತುರುಕುತ್ತಿದ್ದರು. ಪೋಸ್ಟ್ ಮಾಸ್ಟರ್ ತೀರ್ಥರಾಮ ನನ್ನ ಮಾತು ಕೇಳಿ ಕನ್ನಡಕ ತೆಗೆದರು.

"ಮಾಷ್ಟ್ರೆ, ಶಾರ್ಜಾದಿಂದ ಇಲ್ಲಿಗಾ, ಇಲ್ಲಿಂದ ಶಾರ್ಜಾಕ್ಕಾ?"

"ಇಲ್ಲಿಂದ ಶಾರ್ಜಾಕ್ಕೆ."

"ಅಲ್ಲಿಂದ ಇಲ್ಲಿಗೆ ಕಳಿಸಿದವರು ಲೆಕ್ಕ ಇಲ್ಲದಷ್ಟು ಜನ ಉಂಟು. ಇಲ್ಲಿಂದ ಅಲ್ಲಿಗೆ ಕಳಿಸ್ಲಿಕ್ಕೆ ಹೊರಟವರು ನಮ್ಮ ತಾಲೂಕಿನಲ್ಲಿ ನೀವೇ ಮೊದಲು! ನಮ್ಮಲ್ಲಿ ಆಗುದಿಲ್ಲ ಮಾರಾಯ್ರೆ. ಸ್ಟಾಂಪು ಬೇಕಾದ್ರೆ ಉಂಟು."

ಹೋದ ಮಾನಕ್ಕೆ ನಾಲ್ಕು ಸ್ಟಾಂಪು ಕೊಂಡು ಮನೆಗೆ ಬಂದೆ.

ಲೋಲಾಕ್ಷಿ ಆ ಹೊತ್ತಿಗೆ ಗೇಟಿನ ಬಳಿ ಮೀನಿನ ಅಚ್ಚುತನಿಗೆ ಫೋನಿನಲ್ಲೇ ದುಡ್ಡು ಕಳಿಸುತ್ತಿದ್ದಳು. "ಟೊಂಯ್" ಎಂದಿತು. ಬಂಗುಡೆ ಇತ್ತ ಬಂತು, ಹಣ ಅತ್ತ ಹೋಯಿತು. ನನ್ನ ಕುತೂಹಲ ಕೆರಳಿತು. ಗೇಟಿನಾಚೆಗೆ ಹೋಗುವ ಹಣ ಗಲ್ಫಿನಾಚೆಗೆ ಯಾಕೆ ಹೋಗಬಾರದು? ಪಾತುಮ್ಮನ ಮಗಳ ನಂಬರನ್ನು ಒತ್ತತೊಡಗಿದೆ. ಹನ್ನೆರಡು ಅಂಕೆಗಳಿದ್ದವು. ಫೋನು ಹತ್ತಕ್ಕೇ ಬಾಯಿ ಮುಚ್ಚಿಕೊಂಡಿತು.

"ಹತ್ತೇ ಹಿಡಿಯುವುದಾದರೆ ಕೊನೆಯ ಎರಡನ್ನು ಬಿಡೋಣ. ಸಂಧಿಕಾರ್ಯದಲ್ಲಿ ಅಕ್ಷರ ಬಿಟ್ಟುಹೋಗುವುದುಂಟು. ಇದು ಲೋಪಸಂಧಿ!" ಎಂದೆ.

ಪರದೆಯ ಮೇಲೆ ಹೆಸರು ಮೂಡಿತು: ಸೇವಂತಿ ಬೋರ್‌ವೆಲ್ಸ್.

"ಇದೆಂತ? ಪಾತುಮ್ಮನ ಮಗಳ ಹೆಸರು ಸೇವಂತಿ ಅಲ್ಲವಲ್ಲ!" ಎಂದು ಲೋಲಾಕ್ಷಿ ಬಂಗುಡೆ ಸಮೇತ ಬಗ್ಗಿದಳು.

ನಾನು ತರ್ಕ ಹೂಡಿದೆ. "ಶಾರ್ಜಾ ಎಂದರೆ ಮರುಭೂಮಿ. ಮರುಭೂಮಿಯಲ್ಲಿ ನೀರಿಲ್ಲ. ನೀರಿಲ್ಲದಲ್ಲಿ ಬೋರ್‌ವೆಲ್ ಬೇಕು. ಪಾತುಮ್ಮನ ಅಳಿಯನ ಕಂಪನಿಯೇ ಇರಬೇಕು!"

"ಹಾಗಾದ್ರೆ ಪೂರ್ತಿ ಕಳಿಸ್ಬೇಡಿ. ಒಂದು ರೂಪಾಯಿ ಕಳಿಸಿ ನೋಡಿ."

ಆ ಮಟ್ಟಿಗೆ ಬಚಾವ್! ಒಂದು ರೂಪಾಯಿ ಹೋಯಿತು. ಹತ್ತು ನಿಮಿಷದಲ್ಲಿ ಫೋನು ಬಂತು. ಬಯಲುಸೀಮೆಯ ಗಟ್ಟಿ ಗಂಟಲು.

"ಸಾರ್, ನಮಸ್ಕಾರ. ಒಂದು ರೂಪಾಯಿ ಬಂತು. ಅಡ್ವಾನ್ಸಾ?"

"ಅಲ್ಲಪ್ಪಾ, ಅದು ಮದುವೆಯ ಮುಯ್ಯಿ!"

"ಯಾರ ಮದುವೆ ಸಾರ್? ನಂದಾಗಿ ಎರಡು ಮಕ್ಕಳವ್ವೆ! ಅದಿರ್ಲಿ, ನೀರಿನ ಪಾಯಿಂಟ್ ಮಾಡ್ಸಿದೀರಾ? ಎಷ್ಟು ಅಡಿ ಇಳಿಸಾಣ?"

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಿಡಿಸಲು ಅವನು ಸಿದ್ಧನೇ ಇದ್ದ, ಅಡಿಗೆ ಇಷ್ಟೆಂದು! ಕನ್ನಡನಾಡಿನ ಯಾವುದೋ ಮೂಲೆಯ ಹತ್ತಂಕೆಯ ನಂಬರು, ಶಾರ್ಜಾದ ನಂಬರಿನ ಬಾಲ ಕತ್ತರಿಸಿದರೆ ಸಿಗುವಂತಿತ್ತು. ಬಾಲಗಳ ವಿಷಯದಲ್ಲಿ ಎಚ್ಚರ ಬೇಕೆಂಬ ಪಾಠ ನನಗೆ ಅಂದೇ ಸಿಕ್ಕಿತ್ತು. ಕಲಿಯಲಿಲ್ಲ.

ಮಂಗಳವಾರ ಪುತ್ತೂರಿನ ಬ್ಯಾಂಕಿಗೆ ಹೊರಟೆ. ಪಾತುಮ್ಮನ ತಂಗಿ ಮಗ ಅದೇ ಹೊತ್ತಿಗೆ ಮಂಗಳೂರಿನ ವಿಮಾನಕ್ಕೆ ಹೊರಟಿದ್ದ. ನಮ್ಮ ಮನೆಯೆದುರೇ ಅವನ ಕಾರು ಹೋಯಿತು. ಲೋಲಾಕ್ಷಿ ಕಾರಿಗೆ ಕೈ ಬೀಸಿ, ಅದೇ ಕೈಯನ್ನು ನನ್ನ ಕಡೆ ತಿರುಗಿಸಿ, "ಈಗಲೂ ಹೊತ್ತು ಮೀರಲಿಲ್ಲ, ಓಡಿ" ಎಂದಳು. ನಾನು ಕೊಡೆ ಬಿಡಿಸಿ ಗಾಂಭೀರ್ಯದಿಂದ ಬಸ್ಸಿನ ಕಡೆ ನಡೆದೆ.

ಬ್ಯಾಂಕಿನ ಕೌಂಟರಿನಲ್ಲಿ ಒಬ್ಬ ನಡುವಯಸ್ಸಿನ ಮೇಡಂ ಇದ್ದರು. ಉತ್ತರದ ಕಡೆಯವರು. ಪುತ್ತೂರಿಗೆ ಬಂದು ಆರೇ ತಿಂಗಳಾಗಿತ್ತು, ಹಟಹಿಡಿದು ಕನ್ನಡ ಕಲಿಯುತ್ತಿದ್ದರು. "ಕುಳಿತುಕೊಳ್ಳಿ ಸರ್" ಎಂದು ಅಚ್ಚುಕಟ್ಟಾಗಿ ಹೇಳಿದರು. ನನಗೆ ಕಣ್ಣು ತುಂಬಿ ಬಂತು. ನಮ್ಮವರೇ "ಕೂತ್ಕಳಿ" ಎನ್ನುವ ಕಾಲವಿದು!

ಫಾರಂ ಬಂತು. ಅದರಲ್ಲಿ ಎಷ್ಟು ಸೋಜಿಗಗಳಿದ್ದವೆಂದರೆ ನಾನು ಬಂದ ಕೆಲಸವನ್ನೇ ಮರೆತೆ. ಮೊದಲು ಪಾನ್ ಕಾರ್ಡು ಕೇಳಿದರು. ಮತ್ತೆ ಪಾತುಮ್ಮನ ಮಗಳ ಖಾತೆಯ ಗುರುತು ಕೇಳಿದರು, ಅದನ್ನು ಲೋಲಾಕ್ಷಿ ಪಾತುಮ್ಮನ ತಂಗಿಯಿಂದ ತರಿಸಿಕೊಟ್ಟಿದ್ದಳು. ಅದರಲ್ಲಿ ಇಪ್ಪತ್ತಮೂರು ಅಕ್ಷರ, ಅಂಕೆಗಳು! ಪದ್ಯದ ಮಾತ್ರೆ ಎಣಿಸಿದಂತೆ ಬೆರಳು ಮಡಚಿ ಮೂರು ಸಲ ಎಣಿಸಿದೆ. ಆಮೇಲೆ ಸ್ವಿಫ್ಟ್ ಕೋಡ್.

"ಸ್ವಿಫ್ಟ್ ಎಂದರೆ ಚುರುಕು ಎಂದಲ್ಲವೇ? ಹಣ ಎಷ್ಟು ಹೊತ್ತಿಗೆ ತಲುಪುತ್ತದೆ?" ಎಂದು ಕೇಳಿದೆ.

"ಎರಡು ಮೂರು ದಿನ ಸರ್."

"ನಿಧಾನ ಎಂಬುದಕ್ಕೆ ಬೇರೆ ಕೋಡ್ ಇದೆಯೇ?"

ಮೇಡಂ ನಕ್ಕರು. ಖರ್ಚಿನ ಚೀಟಿ ತೋರಿಸಿದಾಗ ನನ್ನ ನಗು ನಿಂತಿತು. ಬ್ಯಾಂಕಿನ ಶುಲ್ಕ, ಅದರ ಮೇಲೆ ತೆರಿಗೆ, ದಾರಿಖರ್ಚು, ಎಲ್ಲ ಸೇರಿ ಸಾವಿರದ ಹತ್ತಿರ! ಎರಡು ಪದಗಳ ನಡುವೆ ಇಲ್ಲದ ಅಕ್ಷರ ಬಂದು ಕೂರುವುದಕ್ಕೆ ಆಗಮಸಂಧಿ ಎನ್ನುತ್ತೇವೆ. ಪುತ್ತೂರಿಗೂ ಶಾರ್ಜಾಕ್ಕೂ ನಡುವೆ ಬಂದು ಕೂತದ್ದೂ ಅದೇ. ಕೊಟ್ಟೆ. ಪಾತುಮ್ಮ ಬಂದದ್ದೂ ಎರಡು ಬಸ್ಸಿನ ಖರ್ಚು ಕೊಟ್ಟೇ ಅಲ್ಲವೇ?

"ಹಣ ಪಡೆಯುವವರು ನಿಮಗೆ ಏನಾಗಬೇಕು ಸರ್?"

ಇಲ್ಲಿ ಪೆನ್ನು ನಿಂತಿತು. ಪಾತುಮ್ಮ ನನಗೆ ಏನಾಗಬೇಕು? ಹನ್ನೊಂದು ವರ್ಷ ಅವರು ಬಡಿಸಿದ ಸಾರು ಉಂಡಿದ್ದೇನೆ. ಜ್ವರ ಬಂದ ದಿನ ಕೇಳದೆಯೇ ಗಂಜಿ ಬಂದಿದೆ. ಇದಕ್ಕೆ ಫಾರಮ್ಮಿನಲ್ಲಿ ಪದವಿರಲಿಲ್ಲ. ತುಂಬ ಯೋಚಿಸಿ "ಸಹೋದ್ಯೋಗಿ" ಎಂದು ಬರೆದೆ.

ಕೊನೆಯ ಕಲಂ, ಹಣ ಕಳಿಸುವ ಉದ್ದೇಶ. ಮೇಡಂ ಮೆಲ್ಲಗೆ, "ಗಿಫ್ಟ್ ಅಂತ ಬರೆಯಿರಿ ಸರ್" ಎಂದರು.

ನನ್ನೊಳಗಿನ ಮಾಸ್ತರ ದಿಗ್ಗನೆದ್ದ! "ಮೇಡಂ, ಗಿಫ್ಟ್ ಬೇರೆ, ಮುಯ್ಯಿ ಬೇರೆ. ಗಿಫ್ಟ್ ಸುಮ್ಮನೆ ಕೊಡುವುದು. ಮುಯ್ಯಿ, ಬಂದದ್ದಕ್ಕೆ ಪ್ರತಿಯಾಗಿ ಕೊಡುವುದು. ನಾನು ಕನ್ನಡದಲ್ಲೇ ಬರೆಯುತ್ತೇನೆ."

"ಬರೆಯಿರಿ ಸರ್. ನಾನು ಫೋನಿನಲ್ಲಿ ಇಂಗ್ಲಿಷ್ ಮಾಡಿ ಕಂಪ್ಯೂಟರಿಗೆ ಹಾಕುತ್ತೇನೆ."

'ಮುಯ್ಯಿ' ಎಂದು ಬರೆದು ಬಿಡಬಹುದಿತ್ತು. ಆದರೆ ಕ್ರಿಯಾಪದವಿಲ್ಲದ ವಾಕ್ಯಕ್ಕೆ ನಾನು ಸಹಿ ಹಾಕುವುದೇ? ಗುಂಡಗಿನ ಅಕ್ಷರಗಳಲ್ಲಿ ಬರೆದೆ: "ಬಹುಕಾಲದಿಂದ ಬಾಕಿ ಉಳಿದಿರುವ ಮುಯ್ಯಿಯನ್ನು ತೀರಿಸಿಕೊಳ್ಳುವುದಕ್ಕಾಗಿ." ಓದಿ ನೋಡಿದೆ. ಎಂಥ ಗಾಂಭೀರ್ಯ! ಎಂಥ ನಡೆ! ಹೆಮ್ಮೆಯಿಂದ ಫಾರಮ್ಮಿನದೂ, ಮೇಡಂ ಕೊಟ್ಟ ಇಂಗ್ಲಿಷ್ ರಸೀದಿಯದೂ ಫೋಟೋ ತೆಗೆದು, ರಸೀದಿಯನ್ನು ಓದುವ ಗೋಜಿಗೆ ಹೋಗದೆ, ಎರಡನ್ನೂ ಪಾತುಮ್ಮನ ಮಗಳಿಗೆ ವಾಟ್ಸಪ್ಪಿನಲ್ಲಿ ಕಳಿಸಿದೆ. ಮನೆಗೆ ಬಂದು ಲೋಲಾಕ್ಷಿಯ ಮುಂದೆ ಕೊಡೆಯನ್ನು ಕತ್ತಿಯಂತೆ ಮೂಲೆಗೆ ಒರಗಿಸಿದೆ.

"ಹೋಯಿತು!" ಎಂದೆ.

"ಎಂತದು? ಹಣವಾ, ಮಾನವಾ?" ಎಂದಳು.

ಅವಳ ನಾಲಗೆಯಲ್ಲಿ ಮಚ್ಚೆ ಇರಬೇಕು. ಬುಧವಾರ ಹನ್ನೊಂದು ಗಂಟೆಗೆ ಬ್ಯಾಂಕಿನ ಮ್ಯಾನೇಜರ್ ದೇವದಾಸರ ಫೋನು. ಸುಳ್ಯದ ಕಡೆಯವರು, ಬಹಳ ಸೌಮ್ಯ. ಅಂದು ಅವರ ದನಿ ಒಂಥರಾ ಇತ್ತು.

"ಮಾಷ್ಟ್ರೆ, ಒಂದು ವಿಷಯ ಕೇಳ್ತೇನೆ, ಬೇಜಾರು ಮಾಡ್ಬೇಡಿ. ಈ ಶಾರ್ಜಾದವರ ಹತ್ತಿರ ನಿಮಗೆ ಎಂತಾದ್ರೂ... ದ್ವೇಷ ಉಂಟಾ?"

"ದ್ವೇಷವೇ? ಯಾರ ಮೇಲೆ?"

"ಅಲ್ಲ, ನಮ್ಮ ಮುಂಬಯಿ ಆಫೀಸಿನವರು ನಿಮ್ಮ ಹಣ ತಡೆದು ಹಿಡಿದಿದ್ದಾರೆ. ಉದ್ದೇಶ ಅಂತ ಇರುವಲ್ಲಿ 'ಟು ಟೇಕ್ ಲಾಂಗ್ ಪೆಂಡಿಂಗ್ ರಿವೆಂಜ್' ಅಂತ ಉಂಟಂತೆ. ಬಹಳ ವರ್ಷದ ಸೇಡು ತೀರಿಸಿಕೊಳ್ಳಲಿಕ್ಕೆ ಅಂತ! ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಸೇಡಿಗೆ ಹಣ ಕಳಿಸಿದವರನ್ನು ನಾನು ನೋಡಿರ್ಲಿಲ್ಲ ಮಾರಾಯ್ರೆ. ಅದೂ ರಸೀದಿ ತಗೊಂಡು!"

ನಾನು ಕುರ್ಚಿಯ ಮೇಲೆ ಕುಸಿದೆ. ಮರುಕ್ಷಣ ಸಿಡಿದೆದ್ದೆ. "ಇದು ಆ ಫೋನಿನ ತಪ್ಪು! ಒಂದು ಅಕ್ಷರದ ಜಾಗಕ್ಕೆ ಇನ್ನೊಂದನ್ನು ತಂದು ಕೂರಿಸುವುದು ಆದೇಶಸಂಧಿ. ಯಂತ್ರ ಇಡೀ ಅರ್ಥವನ್ನೇ ಆದೇಶ ಮಾಡಿಬಿಟ್ಟಿದೆ! ಯಂತ್ರಕ್ಕೆ ಕನ್ನಡ ಬರುವುದಿಲ್ಲ ದೇವದಾಸರೇ! ಇದನ್ನು ನಾನು ಪತ್ರಿಕೆಗೆ ಬರೆಯುತ್ತೇನೆ!"

"ಪತ್ರಿಕೆಗೆ ಮತ್ತೆ ಬರೀರಿ. ಈಗ ಬಂದು ಗಿಫ್ಟ್ ಅಂತ ಬರ್ದು ಕೊಡಿ. ಇವತ್ತು ಹೋದ್ರೆ ಶುಕ್ರವಾರ ಮುಟ್ಟೀತು."

ಶುಕ್ರವಾರ! ಎದೆ ಧಸಕ್ಕೆಂದಿತು. ಅದಕ್ಕಿಂತ ದೊಡ್ಡ ಧಸಕ್ಕು ಹಿಂದೆಯೇ ಬಂತು. ಆ ರಸೀದಿಯ ಫೋಟೋ! ನಾನೇ ಕಳಿಸಿದ್ದೆನಲ್ಲ! ತಡವರಿಸಿ ಫೋನು ತೆಗೆದು ನೋಡಿದರೆ ಪಾತುಮ್ಮನ ಮಗಳ ಗಂಡನಿಂದ ಬೆಳಗ್ಗೆಯೇ ಬಂದ ಒಂದು ಸಾಲು: "ಸರ್, ನೀವು ಯಾರು? ನಮ್ಮ ಮನೆಯವರಿಂದ ನಿಮಗೇನು ತೊಂದರೆ ಆಗಿದೆ? ಮದುವೆ ಮನೆ, ದಯಮಾಡಿ ಕೂತು ಮಾತಾಡೋಣ."

ಲೋಲಾಕ್ಷಿ ಅದನ್ನು ಓದಿದಳು. ಸೆರಗು ಬಾಯಿಗಿಟ್ಟು ಒಳಗೆ ಹೋದಳು. ಅಡುಗೆ ಕೋಣೆಯಿಂದ ಐದು ನಿಮಿಷ ಬರಿಯ ಕೆಮ್ಮು ಕೇಳಿಸಿತು.

ಬಸ್ಸಿಗೆ ಕಾಯಲಿಲ್ಲ, ರಿಕ್ಷಾದಲ್ಲೇ ಪುತ್ತೂರಿಗೆ ಓಡಿದೆ. ದಾರಿಯಲ್ಲಿ ಫೋನು. ಶಾರ್ಜಾದ ಅಳಿಯನಿರಬೇಕೆಂದು ಕ್ಷಮೆಯ ವಾಕ್ಯ ಜೋಡಿಸಿಕೊಳ್ಳುತ್ತಲೇ ಎತ್ತಿದೆ.

"ಸಾರ್, ಸೇವಂತಿ ಬೋರ್‌ವೆಲ್ಸಿಂದ. ಲಾರಿ ಖಾಲಿ ಐತೆ, ಕಳಿಸ್ಲಾ?"

"ಬೇಡಪ್ಪಾ! ನನಗೆ ತೋಡಿದ ಗುಂಡಿಯೇ ಸಾಕಷ್ಟು ಆಳವಿದೆ!"

ಬ್ಯಾಂಕಿನ ಮೇಡಂ, ಫೋನು ಕೊಟ್ಟದ್ದನ್ನು ಗಡಿಬಿಡಿಯಲ್ಲಿ ಓದದೆಯೇ ಹಾಕಿಬಿಟ್ಟೆ ಎಂದು ಅಳುಮುಖ ಮಾಡಿ ಕ್ಷಮೆ ಕೇಳಿದರು. ನಾನು ಉದಾರವಾಗಿ, "ತಪ್ಪು ನಿಮ್ಮದಲ್ಲ, ಯಂತ್ರದ್ದು" ಎಂದು ಸಮಾಧಾನ ಹೇಳಿ, 'ಗಿಫ್ಟ್' ಎಂಬ ಪುಟ್ಟ ಪದವನ್ನು ಹಲ್ಲು ಕಚ್ಚಿ ಬರೆದುಕೊಟ್ಟೆ. ಅಳಿಯನಿಗೆ ಫೋನು ಮಾಡಿ, ನಾನು ಪಾತುಮ್ಮನವರ ಶಾಲೆಯ ಮಾಸ್ತರನೆಂದೂ, ಯಾವ ಸೇಡೂ ಇಲ್ಲವೆಂದೂ, ಎಲ್ಲ ಯಂತ್ರದ ಕಿತಾಪತಿಯೆಂದೂ ವಿವರಿಸಿದೆ. ಅವನು "ಸರಿ ಸರ್" ಎಂದ. ಆ "ಸರಿ"ಯಲ್ಲಿ ಪೂರ್ತಿ ನಂಬಿಕೆ ಇದ್ದಂತೆ ಕೇಳಿಸಲಿಲ್ಲ. ಪಾತುಮ್ಮ ನಿದ್ದೆಯಲ್ಲಿದ್ದಾರೆ ಎಂದ. ಗುರುವಾರವಿಡೀ ನಾನು ಸಿಕ್ಕಸಿಕ್ಕವರ ಮುಂದೆ ಯಂತ್ರವನ್ನು ಬೈದೆ. ಅಚ್ಚುತನ ಮುಂದೆ ಬೈದೆ, ತೀರ್ಥರಾಮರ ಮುಂದೆ ಬೈದೆ. ಬೈಯುತ್ತಿದ್ದಾಗಲೂ ಒಳಗೆ ಒಂದೇ ಪ್ರಶ್ನೆ: ಮದುವೆಯ ಸಂಭ್ರಮದ ನಡುವೆ ಆ ಹಿರಿಯ ಜೀವ ನನ್ನ ರಸೀದಿಯನ್ನು ನೋಡಿ ಏನೆಂದುಕೊಂಡಿತೋ?

ಶುಕ್ರವಾರ ಸಂಜೆ ಅವರ ಫೋನೇ ಬಂತು. ಹಿಂದೆ ಮದುವೆ ಮನೆಯ ಗೌಜಿ.

"ಮಾಷ್ಟ್ರೆ, ಪಾತುಮ್ಮ ಮಾತಾಡುದು. ನಿಖಾ ಚಂದ ಆಯ್ತು. ಲೋಲಾಕ್ಷಕ್ಕ ಹೇಗಿದ್ದಾರೆ?"

"ಎಲ್ಲ ಕ್ಷೇಮ. ಪಾತುಮ್ಮ, ಆ ರಸೀದಿ..."

"ಅದು ಬಿಡಿ. ದುಡ್ಡು ಬೆಳಿಗ್ಗೆ ಬಂತು."

ನನಗೆ ಜೀವ ಬಂತು! "ಎಷ್ಟು ಬಂತು?"

"ಇನ್ನೂರು."

"ಇನ್ನೂರ ಒಂದಲ್ಲವೇ? ಆ ಒಂದು ಎಲ್ಲಿ ಹೋಯಿತು?"

"ಇಲ್ಲಿಯ ಬ್ಯಾಂಕಿನವರು ಒಂದು ದಿರ್ಹಮ್ ಖರ್ಚು ಹಿಡಿದದ್ದು ಅಂತ ಅಳಿಯ ಹೇಳ್ತಾನೆ. ನಾನು ಹೇಳಿದೆ, ಅಲ್ಲ ಮಗಾ, ಅದು ಮಾಷ್ಟ್ರಿಗೆ ಕಟ್ ಆದ ಮಾರ್ಕು ಅಂತ."

"ಎಂಥ ಮಾರ್ಕು?"

"ಕನ್ನಡದಲ್ಲಿ ಬರ್ದದ್ದರ ಫೋಟೋ ನೋಡಿದೆ ಮಾಷ್ಟ್ರೆ. ಅಕ್ಷರ ಮೊದಲಿನ ಹಾಗೇ ಚಂದ ಉಂಟು. ಆದ್ರೆ ಮುಯ್ಯಿ 'ತೀರಿಸುದು' ಬೇರೆ, 'ತೀರಿಸಿಕೊಳ್ಳುದು' ಬೇರೆ ಅಲ್ವಾ? ತೀರಿಸಿದ್ರೆ ಉಡುಗೊರೆ, ತೀರಿಸಿಕೊಂಡ್ರೆ ಸೇಡು. ಏಳನೇ ಕ್ಲಾಸಿಗೆ ಪ್ರತಿ ವರ್ಷ ನೀವೇ ಹೇಳ್ತಿದ್ದದ್ದು. 'ಕೊಳ್ಳು ಅನ್ನುವುದು ಬಾಲ, ಹಚ್ಚುವ ಮುಂಚೆ ಯೋಚನೆ ಮಾಡಿ' ಅಂತ ಮೇಜಿಗೆ ಗುದ್ದುತ್ತಿದ್ರಿ. ಗೋಡೆಯ ಆಚೆ ಹನ್ನೊಂದು ವರ್ಷ ಅಕ್ಕಿ ಆರಿಸಿದವಳು ನಾನು. ಅಕ್ಕಿಯಲ್ಲಿ ಕಲ್ಲು ತಪ್ಪಿದ್ದುಂಟು, ನಿಮ್ಮ ಪಾಠ ತಪ್ಪಿದ್ದಿಲ್ಲ!"

ಯಂತ್ರ ಸರಿಯಾಗಿಯೇ ಓದಿತ್ತು! ಮೇಡಂ ಸರಿ, ಮುಂಬಯಿ ಸರಿ. ಇಡೀ ಜಗತ್ತಿನಲ್ಲಿ ಕನ್ನಡ ತಪ್ಪಿದವನು ಒಬ್ಬನೇ, ಕನ್ನಡ ಮಾಸ್ತರು! ಸ್ಪೀಕರಿನಲ್ಲಿ ಎಲ್ಲವನ್ನೂ ಕೇಳುತ್ತಿದ್ದ ಲೋಲಾಕ್ಷಿ, "ಪತ್ರಿಕೆಗೆ ಯಾವಾಗ ಬರೆಯುದು?" ಎಂದು ಮೆಲ್ಲಗೆ ಕೇಳಿದಳು.

ನಾನು ತಲೆ ತಗ್ಗಿಸಿ ಹೇಳಿದೆ: "ತಪ್ಪಾಯಿತು ಪಾತುಮ್ಮ. ಮಾರ್ಕು ಕಡಿದದ್ದು ನ್ಯಾಯವೇ. ಆದರೆ ಆ ಒಂದು ಇಲ್ಲದೆ ಮುಯ್ಯಿ ಪೂರ್ತಿಯಾಗುವುದಿಲ್ಲವಲ್ಲ?"

"ಪೂರ್ತಿ ಆಗುದು ಬೇಡ ಮಾಷ್ಟ್ರೆ. ಆ ಒಂದು ನಿಮ್ಮ ಹತ್ತಿರವೇ ಬಾಕಿ ಇರ್ಲಿ. ಮಳೆ ಕಳೆದ ಮೇಲೆ ನಾನು ಊರಿಗೆ ಬರ್ತೇನೆ. ಕೈಯಲ್ಲೇ ಕೊಡಿ."

"ಖಂಡಿತ ಕೊಡುತ್ತೇನೆ. ವಯಸ್ಸಾಯಿತು ನೋಡಿ, ಒಂದು ವೇಳೆ ಮರೆತರೆ?"

ಆಚೆಯಿಂದ ಹಳೆಯ ಅಡುಗೆ ಕೋಣೆಯ ಆ ಗಲಗಲ ನಗು ಕೇಳಿಸಿತು.

"ಮರೆತು ನೋಡಿ! ಆಗ ನಾನು ಮುಯ್ಯಿ ತೀರಿಸಿಕೊಳ್ತೇನೆ!"

ಪ್ರಯೋಗ ಶುದ್ಧವಾಗಿತ್ತು. ಅರ್ಧ ಮಾರ್ಕು ಕಡಿಯುವುದಕ್ಕೂ ಜಾಗವಿರಲಿಲ್ಲ!